ಮಗಳ ತರಗತಿಯಲ್ಲಿ ನಾನು ಕೊಟ್ಟ ಉತ್ತರ

ನನ್ನ ಮಗಳು ಎಂಜಿನಿಯರಿಂಗ್ ಓದುವವರಿಗೆ ಸ್ವಂತ ಉದ್ಯಮ ಕಟ್ಟುವುದನ್ನು ಕಲಿಸುತ್ತಾಳೆ. ತಾನು ಒಂದು ದಿನವೂ ಅಂಗಡಿ ಹಾಕಿದವಳಲ್ಲ. ಗದಗಿನಲ್ಲಿ ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದವಳು ನಾನು. ಮೊಣಕಾಲು ಕೆಟ್ಟ ಮೇಲೆ ಅದನ್ನು ಮುಚ್ಚಿ, ಅಮೆರಿಕದ ಸೆಂಟರ್‌ವಿಲ್‌ನಲ್ಲಿರುವ ಅವಳ ಮನೆಗೆ ಬಂದು ಕೂತಿದ್ದೇನೆ. ಅಳಿಯ ಸಲಾಡ್ ತಿನ್ನುತ್ತಾನೆ. ಮೊಮ್ಮಗಳು ಅರ್ಧ ರೊಟ್ಟಿ ತಿಂದು "ಐ ಆಮ್ ಫುಲ್, ಅಜ್ಜಿ" ಅನ್ನುತ್ತಾಳೆ. ಖಾನಾವಳಿಯಲ್ಲಿ ಬಾಯಿಂದ "ಸಾಕು" ಅಂದರೆ ಯಾರೂ ಕೇಳುತ್ತಿರಲಿಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿಯುವವರೆಗೆ ರೊಟ್ಟಿ ಬೀಳುತ್ತಲೇ ಇರುತ್ತಿತ್ತು.

ಕೊರೊನಾ ಕಳೆದು ಯೂನಿವರ್ಸಿಟಿಯಲ್ಲಿ ಮತ್ತೆ ಎದುರುಬದುರು ಪಾಠ ಶುರುವಾದಾಗ, ಅವಳ ನಾಲ್ವರು ವಿದ್ಯಾರ್ಥಿಗಳು ಜೋಳದ ರೊಟ್ಟಿ ತಟ್ಟುವ ಯಂತ್ರ ಮಾಡಲು ಹೊರಟರು. ಯಂತ್ರ ಕಟ್ಟುವ ಮೊದಲು ಬಳಸುವವರನ್ನು ಕೇಳಬೇಕು, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು, ತಮಗೆ ಬೇಕಾದಂತೆ ತಿದ್ದಬಾರದು. ಇದು ಮಗಳ ಮೊದಲ ಪಾಠ. ಅವರು ಕೇಳಲೆಂದು ನನ್ನನ್ನೇ ತರಗತಿಗೆ ಕರೆದುಕೊಂಡು ಹೋದಳು.

ಅವರು ಇಂಗ್ಲಿಷಿನಲ್ಲಿ ಕೇಳಿದರು. ಮಗಳು ನನಗೆ ಹೇಳಿದಳು, "ಅವ್ವಾ, ರೊಟ್ಟಿ ಮಾಡೋದ್ರಾಗ ಭಾಳ ಕಷ್ಟದ್ದು ಯಾವುದು ಅಂತ ಕೇಳಾಕತ್ತಾರ."

"ಮಾಡೋದ್ರಾಗ ಏನ್ ಕಷ್ಟ? ತಿನ್ನವರಿಲ್ಲ. ಅದ ಕಷ್ಟ."

ಮಗಳು ಇಂಗ್ಲಿಷಿನಲ್ಲಿ ಏನೋ ಹೇಳುತ್ತಾ ತನ್ನ ಮಣಿಕಟ್ಟು ಮುಟ್ಟಿಕೊಂಡಳು. ಮೂವರು ಬರೆದುಕೊಂಡರು. ನಾಲ್ಕನೆಯವಳು ಬರೆಯಲಿಲ್ಲ. ಅವಳು ಅಮೆರಿಕದಲ್ಲೇ, ನಾರ್‌ಕ್ರಾಸ್ ಅನ್ನುವ ಊರಿನಲ್ಲಿ ಬೆಳೆದ ಕನ್ನಡದ ಹುಡುಗಿ.

"ಪ್ರೊಫೆಸರ್, ಅಜ್ಜಿ ಕೈ ನೋವು ಅಂತ ಹೇಳಿಲ್ಲ. ತಿನ್ನೋ ಪೀಪಲ್ ಇಲ್ಲ ಅಂತ ಹೇಳಿದ್ದು."

ಮಗಳ ಮುಖ ಕೆಂಪಾಯಿತು. ಹುಡುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಉಳಿದವರು ಬರೆದದ್ದನ್ನು ಹೊಡೆದುಹಾಕಿದರು. ಹುಡುಗಿ ನನ್ನ ಕಡೆ ತಿರುಗಿದಳು. "ಎಷ್ಟು ಜನ ಬೇಕು ಅಜ್ಜಿ?"

"ಒಂದು ಪಂಕ್ತಿ. ಹನ್ನೆರಡು ಮಂದಿ."

"ಡೈಲಿನಾ?"

"ಮತ್ತ? ನಿಮಗ ದಿನಾ ಹಸಿವಿ ಆಗೂದಿಲ್ಲೇನು?"

ಹುಡುಗಿ ಅದನ್ನು ಇಂಗ್ಲಿಷ್ ಮಾಡಿ ಹೇಳಿದಾಗ ಎಲ್ಲರೂ ನಕ್ಕರು. ಮಗಳು ನಗಲಿಲ್ಲ.

ಕಾರು ಹತ್ತಿದ ಮೇಲೆ ಕೇಳಿದೆ, "ಯಾಕ ಬದಲಿ ಮಾಡಿ ಹೇಳಿದಿ?"

"ಸ್ಟೂಡೆಂಟ್ಸ್ ಮುಂದ ಹ್ಯಾಂಗ ಹೇಳ್ಲಿ? ನನ್ನ ಮನ್ಯಾಗ ನಮ್ಮವ್ವಗ ಸರಿ ಇಲ್ಲ ಅಂದಂಗಾತು."

"ಎಲ್ಲಾ ಸರಿ ಅದ. ಕೆಲಸ ಇಲ್ಲ."

"ಗದಗಕ್ಕ ಹೋಗ್ತಿಯೇನು?"

"ಖಾನಾವಳಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ ಅದ. ಹೋಗಿ ಏನ್ ಮಾಡ್ಲಿ?"

ಕಾರು ಶ್ಯಾಂಟಿಲಿ ಊರು ದಾಟಿತು. ಆಮೇಲೆ ಅವಳು, "ಶನಿವಾರ ಹನ್ನೆರಡು ಮಂದಿನ ಇನ್ವೈಟ್ ಮಾಡ್ಲೇನು?" ಅಂದಳು.

"ಕರದಾಗ ಬಂದವರು ಬೀಗರು. ಹಾಡಿ ಹೊಗಳಿ ಎರಡು ತುತ್ತು ತಿಂದು ಹೋಗ್ತಾರ. ನನಗ ಹಸದು ತಾವ ಬರವರು ಬೇಕು."

ಗಿರಾಕಿಯನ್ನು ಹುಡುಕುವುದನ್ನೇ ಅವಳು ಕಲಿಸುವುದು. ನನ್ನ ಗಿರಾಕಿಗಳನ್ನು ಎಲ್ಲಿ ಹುಡುಕಬೇಕೆಂದು ಅವಳಿಗೂ ತಿಳಿಯಲಿಲ್ಲ. ಆ ವಿದ್ಯಾರ್ಥಿಗಳು ಯಂತ್ರ ಕೈಬಿಟ್ಟು ಸೈಕಲ್ಲಿನ ಬೀಗವೇನೋ ಮಾಡಿದರಂತೆ. ಆ ಶನಿವಾರ ಯಾರನ್ನೂ ಕರೆಯಲಿಲ್ಲ; ನಾನು ನಾಲ್ಕೇ ರೊಟ್ಟಿ ತಟ್ಟಿದೆ. ಒಂದೂವರೆ ಉಳಿಯಿತು.