ಎರಡು ಹೂವೂ ಬಲಕ್ಕೇ ಬಿದ್ದ ಸೋಮವಾರ

೧೯೬೬ರ ಮಳೆಗಾಲದಲ್ಲಿ ನನ್ನ ಮಗಳು ಚೆನ್ನಿಗೆ ಉಬ್ಬಸ ಹತ್ತಿತು. ಐದು ವರ್ಷದ ಕೂಸು. ‘ಅಪ್ಪಾ’ ಎಂದು ಕರೆದು, ಮುಂದಿನ ಮಾತಿಗೆ ಉಸಿರು ಸಾಲದೆ, ಹೇಳಬೇಕಾದದ್ದನ್ನು ಕಣ್ಣಲ್ಲೇ ಹೇಳುತ್ತಿದ್ದಳು. ನಾನಾದರೋ ಊರವರ ದನಿಯನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡು ತಿರುಗುವವನು. ಹೋಟೆಲ್ ಯಜಮಾನರು ಸೀನುವುದನ್ನು ಅವರೆದುರೇ ಸೀನಿ ತೋರಿಸಿ ಚಹಾ ಗಿಟ್ಟಿಸಿದವನು. ಆದರೆ ಮಗಳ ಎದೆಯಿಂದ ಬರುತ್ತಿದ್ದ ಆ ಸಿಳ್ಳಿನಂಥ ಸದ್ದನ್ನು ಮಾತ್ರ ಅನುಕರಿಸಲು ನನಗೆ ಬಾಯಿ ಬರಲಿಲ್ಲ. ಈಗಲೂ ಬರುವುದಿಲ್ಲ.

ಭಕ್ತ ಬಾಂಧವರೇ, ನನ್ನ ಬರವಣಿಗೆಯಲ್ಲಿ ಚೇಷ್ಟೆ ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ದೇವರ ವಿಷಯ ಬರೆಯುವಾಗಲಾದರೂ ನೆಟ್ಟಗಿರಬೇಕೆಂದು ಹೆಂಡತಿ ನೀಲಾ ತಾಕೀತು ಮಾಡಿದ್ದಾಳೆ. ಪ್ರಯತ್ನ ಮಾಡುತ್ತೇನೆ.

ಆಗ ನಾವು ಯಲ್ಲಾಪುರದಲ್ಲಿದ್ದೆವು: ನಾನು, ನೀಲಾ, ಚೆನ್ನಿ, ನನ್ನ ಅವ್ವ. ಒಬ್ಬ ಸಾಹುಕಾರರ ನಾಟಾ ಡಿಪೋದಲ್ಲಿ ದಿಮ್ಮಿಗಳ ಲಿಲಾವು, ಅಂದರೆ ಹರಾಜು, ಕೂಗುವುದು ನನ್ನ ಕೆಲಸ. ಆ ಡಿಪೋ ನೆನೆದರೆ ಈಗಲೂ ಮೂಗಿಗೆ ಹಸಿ ಸಾಗವಾನಿಯ ವಾಸನೆ ಬರುತ್ತದೆ. ಹುಬ್ಬಳ್ಳಿಯ ಕಂತ್ರಾಟುದಾರರು ಕೊಡೆ ಊರಿಕೊಂಡು ನಿಲ್ಲುತ್ತಿದ್ದರು. ಒಬ್ಬರು ಮೀಸೆ ಮುಟ್ಟಿದರೆ ಬೆಲೆ ಏರಿತೆಂದು ಅರ್ಥ, ಇನ್ನೊಬ್ಬರು ಬೇರೆ ಕಡೆ ನೋಡಿದರೆ ಏರಿತೆಂದು ಅರ್ಥ. ನಾನು ಒಬ್ಬೊಬ್ಬರ ಸವಾಲನ್ನೂ ಅವರವರ ದನಿಯಲ್ಲೇ ಕೂಗುತ್ತಿದ್ದೆ. ಅವರು ಬೈಯುತ್ತಲೇ ನಗುತ್ತಿದ್ದರು, ನಗುತ್ತಲೇ ಕೊಳ್ಳುತ್ತಿದ್ದರು.

ಆ ವರ್ಷ ಪೇಟೆ ಬಿದ್ದುಹೋಯಿತು. ಕೊಳ್ಳುವವರು ಬಂದು, ದಿಮ್ಮಿಯ ಬೆನ್ನು ತಟ್ಟಿ, ಚಹಾ ಕುಡಿದು ಹೋಗತೊಡಗಿದರು. ಮಳೆಗೆ ದಿಮ್ಮಿಗಳ ಮೇಲೆ ಅಣಬೆ ಎದ್ದವು. ಕೊನೆಗೆ ಸಾಹುಕಾರರು ಡಿಪೋ ಮುಚ್ಚುವುದಾಗಿ ಹೇಳಿದರು. ಮುಂಬೈಯಲ್ಲಿ ಅವರ ದಾಯಾದಿಯದೊಂದು ಡಿಪೋ ಇತ್ತು. ಮರ ಬಲ್ಲ, ಬಾಯಿ ಇರುವ ಮನುಷ್ಯ ಬೇಕಂತೆ, ಬೇಕಿದ್ದರೆ ಹೋಗು ಎಂದರು.

ಅದೇ ವಾರ ಚೆನ್ನಿಯನ್ನು ಬಸ್ಸಿನಲ್ಲಿ ಸಿರ್ಸಿಯ ದವಾಖಾನೆಗೆ ಕರೆದೊಯ್ದೆವು. ಡಾಕ್ಟರರು ಬಹಳ ಹೊತ್ತು ಎದೆಗೆ ನಳಿಗೆ ಇಟ್ಟು ಕೇಳಿದರು. ಔಷಧ ಬರೆದುಕೊಟ್ಟು, ಇದಕ್ಕೆ ಔಷಧಕ್ಕಿಂತ ಬಿಸಿಲು ಬೇಕು, ಈ ತಂಪಿನಲ್ಲಿ ಇನ್ನೆರಡು ಮಳೆಗಾಲ ಕಳೆದರೆ ಕೂಸಿನ ಎದೆ ತಾಳಲಿಕ್ಕಿಲ್ಲ ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ನೀಲಾ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡಳು, ನಾನು ಕಿಟಕಿ ಮುಚ್ಚಿದೆ. ಇಬ್ಬರ ತಲೆಯಲ್ಲೂ ಇದ್ದದ್ದು ಒಂದೇ ಊರು.

ಮುಂಬೈಯ ಬಿಸಿಲಿನ ಸುದ್ದಿ ನಮಗೆ ತಂದವನು ಗಣಪತಿ ಹೆಗಡೆ. ಬಿಳಗಿಯವನು, ನಮ್ಮ ಡಿಪೋದಲ್ಲೇ ಗುಮಾಸ್ತನಾಗಿದ್ದು ಮುಂಬೈಗೆ ಹೋದವನು. ರಜೆಗೆ ಬಂದಾಗ ಸಮುದ್ರದ ಮೇಲಿನ ಬಿಸಿಲನ್ನು ತಾನೇ ಕಂತ್ರಾಟು ಹಿಡಿದವನಂತೆ ಬಣ್ಣಿಸುತ್ತಿದ್ದ. ಆದರೆ ಅಲ್ಲಿಯೂ ಗಿರಣಿಗಳಲ್ಲಿ ಪಾಳಿ ಕಡಿಮೆಯಾಗಿ ಜನ ಊರಿಗೆ ಮರಳುತ್ತಿದ್ದಾರೆ ಎಂಬ ಮಾತೂ ಇತ್ತು. ಬಾಡಿಗೆ ಕೇಳಿದರೆ ಎದೆ ಒಡೆಯುತ್ತಿತ್ತು. ಹೋಗೋಣ ಎನ್ನುವುದನ್ನು ಹೆಗಡೆಯ ದನಿಯಲ್ಲಿ, ಬೇಡ ಎನ್ನುವುದನ್ನು ಸಾಹುಕಾರರ ದನಿಯಲ್ಲಿ ನಾನೇ ವಾದಿಸಿ ತೋರಿಸಿದೆ. ನೀಲಾ ಮೊದಲು ನಕ್ಕಳು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ದೇವರನ್ನೇ ಕೇಳೋಣ ಎಂದು ಅವ್ವ ತೀರ್ಮಾನ ಕೊಟ್ಟಳು. ನಮ್ಮ ಮೂಲ ಊರು ಬನವಾಸಿ ಕಡೆಯದು, ಮನೆದೇವರು ಅಲ್ಲಿಯ ಗುಡ್ಡದ ಮೇಲಿನ ವೀರಭದ್ರ. ಅಲ್ಲಿ ಹೂ ಕೇಳುವ ರೂಢಿಯುಂಟು. ಅಯ್ಯನವರು ನೀರಲ್ಲಿ ಅದ್ದಿದ ಹೂವನ್ನು ದೇವರ ಎರಡು ಭುಜಕ್ಕೂ ಅಂಟಿಸುತ್ತಾರೆ. ಕೇಳುವವರು ಕೇಳಿ ಕೈಮುಗಿದು ನಿಲ್ಲಬೇಕು. ಬಲಭುಜದ ಹೂ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಬೀಳುವ ತನಕ ಯಾರೂ ಬಾಯಿ ತೆರೆಯುವಂತಿಲ್ಲ. ನನಗೆ ಇದಕ್ಕಿಂತ ಕಠಿಣ ವ್ರತ ಇನ್ನೊಂದಿಲ್ಲ.

ಶ್ರಾವಣದ ಒಂದು ಸೋಮವಾರ ನಾನೂ ಅವ್ವನೂ ಬೆಳಗಿನ ಪೂಜೆಗೆ ಹೋದೆವು. ತನ್ನ ಮಗ ಮುಂಬೈಗೆ ಹೋಗಬೇಕೋ ಎಂದು ಅವ್ವ ಕೇಳಿದಳು. ದೀಪದ ಮುಂದೆ ನಾನು ಉಸಿರು ಹಿಡಿದು ನಿಂತೆ. ‘ತಂದೆ, ದುಡ್ಡು ಬೇಡ, ಪೇಟೆ ಏಳುವುದೂ ಬೇಡ. ಈ ಕೂಸಿಗೆ ಒಂದು ಪೂರ್ತಿ ಉಸಿರು ಕೊಡು. ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ.’ ಇಷ್ಟೇ ನನ್ನ ಬೇಡಿಕೆ. ಬಲಗಡೆಯ ಹೂ ಬಿತ್ತು.

ನಾವು ಹೊರಗಿನ ಚಾವಡಿಯಲ್ಲಿ ಪ್ರಸಾದ ತಿನ್ನುತ್ತ ಕೂತಾಗ, ಬಸ್ಸಿಳಿದು ಇನ್ನೊಬ್ಬರು ಗುಡಿಯೊಳಗೆ ಹೋದದ್ದನ್ನು ನಾವು ಕಾಣಲಿಲ್ಲ. ಅವರು ನನ್ನ ಅತ್ತೆ, ನೀಲಾಳ ತಾಯಿ. ಗಂಡನಿಲ್ಲದವರು, ಹಾನಗಲ್ಲ ದಾರಿಯಲ್ಲಿ ಕಾಡು ಮುಗಿದು ಬಯಲು ತೆರೆದುಕೊಳ್ಳುವ ಊರಲ್ಲಿ ಒಬ್ಬರೇ ಹೊಲ ಮಾಡಿಸಿಕೊಂಡಿದ್ದವರು. ಮುಂಬೈ ಮಾತು ಕಿವಿಗೆ ಬಿದ್ದು ಯಾರಿಗೂ ಹೇಳದೆ ಬಂದಿದ್ದರು. ಮೊಮ್ಮಗಳನ್ನು ತನ್ನ ಮನೆಯಲ್ಲಿ ಇಟ್ಟುಕೊಳ್ಳಲೇ ಎಂದು ಕೇಳಿದರು. ಅಯ್ಯನವರು ಬೇರೆ ಮನೆಯವರೆಂದೇ ತಿಳಿದು ಹೂವೇರಿಸಿದರು. ಅದೂ ಬಲಕ್ಕೇ ಬಿತ್ತು.

ಬೀಗತಿಯರಿಬ್ಬರೂ ಚಾವಡಿಯಲ್ಲಿ ಎದುರುಬದುರಾದರು.

“ನೀವ್ಯಾಕ ಬಂದ್ರಿ ಅಕ್ಕಾರ, ನಮ್ಮ ಮನಿದೇವ್ರ ಹಂತ್ಯಾಕ?” ಎಂದಳು ಅವ್ವ.

“ಯಾಕ್ರೀ, ದೇವ್ರು ನಿಮಗೊಬ್ರಿಗೇ ಬಳುವಳಿ ಬಂದಾನೇನು?” ಎಂದರು ಅತ್ತೆ.

ಮುಂದಿನದನ್ನು ನಾನು ಎರಡು ದನಿಯಲ್ಲೂ ಮಾಡಿ ತೋರಿಸಬಲ್ಲೆ, ಆದರೆ ಬರೆಯುವುದು ಬೇಡ. ಯಾರ ಹೂ ನಿಜ, ಯಾರದ್ದು ಸುಳ್ಳು ಎಂಬ ಜಗಳ ಕೇಳಿ ಅಯ್ಯನವರು ಹೊರಗೆ ಬಂದರು. ಒಂದೇ ಕೂಸಿನ ಮಾತಿಗೆ ಎರಡು ಹೂ ಕೇಳಿಸಿದ್ದು ಆಗಷ್ಟೇ ಅವರಿಗೆ ತಿಳಿಯಿತು. ಮುಖ ಸಣ್ಣದಾಯಿತು.

“ಮಗಳ್ನ ಕೊಟ್ಟ ಮನಿ, ತಂದ ಮನಿ ಕೂಡಿ ಒಂದ ಪ್ರಶ್ನಿ ಕೇಳ್ಬೇಕ್ರವಾ. ಕೇಳಿದ್ದು ತಪ್ಪಾಗೇತಿ,” ಎಂದರು. ಗುಡಿಯೊಳಗೆ ಕೈ ತೋರಿಸಿ ಹೇಳಿದರು: “ಆದ್ರ ಹೂ ಬಿದ್ದದ್ದು ತಪ್ಪಲ್ಲ. ನಾನೂ ಅದನ್ನ ತಿರುಗಿ ಏರಸಾಂಗಿಲ್ಲ, ನೀವೂ ದಾಟಾಂಗಿಲ್ಲ. ಎರಡೂ ನಡಸ್ರಿ.”

ಎರಡೂ ನಡೆಸುವುದೆಂದರೆ, ನಾನು ಮುಂಬೈಗೆ. ನೀಲಾ ಮತ್ತು ಚೆನ್ನಿ ಅತ್ತೆಯ ಊರಿಗೆ. ದೇವರೂ ನನ್ನ ಹಾಗೆ ಲಿಲಾವಿನಲ್ಲಿ ಇಬ್ಬರನ್ನೂ ಸಂತೋಷಪಡಿಸಲು ಹೋದನೇ ಎಂದು ತಮಾಷೆ ಮಾಡಿದೆ. ಯಾರೂ ನಗಲಿಲ್ಲ. ಯಲ್ಲಾಪುರದ ಮನೆ ಬಿಟ್ಟೆವು. ಅವ್ವ ಬನವಾಸಿ ಕಡೆಯ ಊರಲ್ಲಿ ದೊಡ್ಡಪ್ಪನ ಮನೆ ಸೇರಿದಳು. ನಾನು ಹೊರಟ ದಿನ ಚೆನ್ನಿ ನನ್ನ ಅಂಗಿಯ ತುದಿ ಹಿಡಿದು ಏನೋ ಹೇಳಲು ನೋಡಿದಳು, ಕೆಮ್ಮು ಬಂತು, ಬಸ್ಸೂ ಬಂತು.

ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಪುಣೆಯಲ್ಲಿ ಬದಲಿಸಿ ಮುಂಬೈಯಲ್ಲಿ ಇಳಿದಾಗ ಧೋ ಎಂದು ಮಳೆ. ಬಿಸಿಲಿನ ಕಂತ್ರಾಟುದಾರ ಹೆಗಡೆ ತೊಯ್ದ ಕೋಳಿಯಂತೆ ಸ್ಟೇಶನ್ನಿಗೆ ಬಂದಿದ್ದ. ನಾನು ಸುಮ್ಮನೆ ಆಕಾಶ ತೋರಿಸಿದೆ. ನವರಾತ್ರಿ ಹೊತ್ತಿಗೆ ಬಿಸಿಲೇನೋ ಬಂತು, ಬೇಕಾದಷ್ಟು ಬಂತು. ಸಮುದ್ರದ ದಂಡೆ ಹೊಳೆಯುತ್ತಿತ್ತು. ಹೆಗಡೆ ಗೆದ್ದವನಂತೆ ನನ್ನನ್ನು ಮನೆ ಹುಡುಕಲು ಕರೆದೊಯ್ದ. ನಾವು ನೋಡಿದ ಒಂದೊಂದು ಕೋಣೆಗೂ ಬಿಸಿಲಿಗೂ ಮಾತುಕತೆ ಇರಲಿಲ್ಲ. ಗೋಡೆಗೆ ಗೋಡೆ, ಕಿಟಕಿಗೆ ಕಿಟಕಿ, ನಡುವೆ ಒಣಹಾಕಿದ ಸೀರೆಗಳು. ಅದಕ್ಕೂ ಮೊದಲೇ ಪಗಡಿ ಎಂಬ ದೊಡ್ಡ ಮುಂಗಡ ಇಡಬೇಕು. ನೀಲಾಳ ಮೈಮೇಲಿನ ಬಂಗಾರವೆಲ್ಲ ಹೋಗುವ ಮಾತು.

“ಬಿಸ್ಲು ಬೇಕಾದಷ್ಟು ಇದ್ದು ಮಾರಾಯ,” ಎಂದ ಹೆಗಡೆ, ಮೆಟ್ಟಿಲ ಮೇಲೆ ಕೂತು. “ಮನೆಯೊಳಗೆ ಬತ್ತಿಲ್ಲೆ, ಅದೊಂದೇ.”

ಡಿಪೋದ ಯಜಮಾನರು ಕೆಟ್ಟವರಲ್ಲ. ವ್ಯಾಪಾರ ಅರ್ಧಕ್ಕೆ ಇಳಿದಿದ್ದರೂ, ದೀಪಾವಳಿಯ ನಂತರ ಸಂಸಾರ ತಂದು ನೆಲೆಸುವುದಾದರೆ ಕೆಲಸ ಕಾಯಂ ಮಾಡುವುದಾಗಿ ಹೇಳಿದ್ದರು. ಇಲ್ಲವಾದರೆ ಬೇರೆಯವರನ್ನು ನೋಡುತ್ತಿದ್ದರು. ನಾನು ತೂಗಿದೆ, ಮತ್ತೆ ತೂಗಿದೆ. ಒಂದು ಕಡೆ ಸಂಬಳ, ಇನ್ನೊಂದು ಕಡೆ ಆ ಕೋಣೆಯಲ್ಲಿ ಕೆಮ್ಮುವ ಚೆನ್ನಿ. ಊರಿಗೆ ಮರಳಿದರೆ ಕೆಲಸವಿಲ್ಲ, ಯಲ್ಲಾಪುರದ ಅದೇ ಮಳೆ.

ಭಾನುವಾರ ನಮ್ಮ ಕಡೆಯ ಹುಡುಗರು ಹೆಗಡೆಯ ಕೋಣೆಗೆ ಬರುತ್ತಿದ್ದರು. ಸಿರ್ಸಿಯವರು, ಸಿದ್ದಾಪುರದವರು, ನಂದೊಳ್ಳಿಯ ಒಬ್ಬ. ನನ್ನಿಂದ ದನಿ ಮಾಡಿಸುವುದೇ ಅವರಿಗೆ ಹಬ್ಬ. ಸಿರ್ಸಿ ಸ್ಟ್ಯಾಂಡಿನಲ್ಲಿ ಏಜೆಂಟ ಬಸ್ಸಿನ ಬೆನ್ನಿಗೆ ಬಡಿದು ‘ಮನ್ಮನೆ, ಸಿದ್ದಾಪುರ’ ಎಂದು ಮೂಗಿನಿಂದ ಕೂಗುವುದು, ಹೋಟೆಲ್ಲಿನ ಮಾಣಿ ಒಳಗೆ ಬನ್ಸ್ ಹೇಳುವುದು, ಮಳೆ ಬಿಟ್ಟ ಮೇಲೆ ಹಂಚಿನಿಂದ ಕೊಡದೊಳಗೆ ಹನಿ ಬೀಳುವುದು. ಒಂದು ಭಾನುವಾರ ಕೊನೆಯದನ್ನು ಮಾಡಿದಾಗ ಹೆಗಡೆ ಗೋಡೆ ಕಡೆ ತಿರುಗಿಕೊಂಡ. ನಂದೊಳ್ಳಿಯವ, ಇನ್ನೊಮ್ಮೆ ಮಾಡು, ಸ್ವಲ್ಪ ನಿಧಾನ ಎಂದ. ಎರಡನೆಯ ಸಲ ನನಗೇ ಆಗಲಿಲ್ಲ.

ಅಂದು ದೇವರಿಗೆ ಕೈಮುಗಿದು ಜಗಳವನ್ನೇ ಆಡಿದೆ. ‘ಬಲಕ್ಕೆ ಬೀಳಿಸಿ ಇಲ್ಲಿಗೆ ಕಳಿಸಿದೆ. ಇಲ್ಲಿ ನನಗೆ ಬಲ ಯಾವುದು, ಎಡ ಯಾವುದು ತಿಳಿಯದಾಗಿದೆ. ನೀನೇ ಬಂದು ಕೈ ಹಿಡಿ.’ ದೀಪಾವಳಿ ಹತ್ತಿರವಾಯಿತು. ಸೋತು, ಕತ್ತಲ ಕೋಣೆಯಾದರೂ ಸರಿ ಎಂದು ಒಂದಕ್ಕೆ ಮಾತು ಕೊಟ್ಟು, ಹೆಂಡತಿ ಮಗಳನ್ನು ಕರೆತರಲು ರೈಲು ಹತ್ತಿದೆ.

ಅತ್ತೆಯ ಊರಿನ ಕ್ರಾಸಿನಲ್ಲಿ ಬಸ್ಸಿಳಿದಾಗ ನಡುಹಗಲು. ಎರಡೂ ಬದಿ ಹೊಲ, ಒಣಗಿದ ಹುಲ್ಲಿನ ಘಮ. ಮನೆ ಇನ್ನೂ ದೂರವಿದ್ದಾಗಲೇ ಅತ್ತೆಯವರ ಬೈಗುಳ ಕೇಳಿಸಿತು. ಒಣಹಾಕಿದ ಶೇಂಗಾಕ್ಕೆ ಆಡು ಬಾಯಿ ಹಾಕಿತ್ತೆಂದು ಕಾಣುತ್ತದೆ. ಆಡಿನ ಅಪ್ಪ, ಅಜ್ಜ, ಅದನ್ನು ಮಾರಿದವರು, ಕೊಂಡವರು, ಎಲ್ಲರನ್ನೂ ಒಂದೇ ಉಸಿರಿನಲ್ಲಿ, ಎಲ್ಲೂ ತಡೆಯದೆ ಬೈಯುತ್ತಿದ್ದರು. ಈ ವಯಸ್ಸಿನಲ್ಲೂ ಎಂಥ ಎದೆ ಎಂದುಕೊಂಡೆ.

ಬೇಲಿ ದಾಟಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಾರೆ. ಬೈಯುತ್ತಿದ್ದವಳು ಚೆನ್ನಿ. ಅತ್ತೆಯಂತೆ ಸೊಂಟಕ್ಕೆ ಕೈಯಿಟ್ಟು, ಅತ್ತೆಯ ದನಿಯಲ್ಲೇ ಬೈಯುತ್ತ ಆಡಿನ ಹಿಂದೆ ಅಂಗಳ ಸುತ್ತಿದಳು. ಸುತ್ತಿ ಬಂದು ಮತ್ತೆ ಬೈದಳು. ಆ ಸಿಳ್ಳು ಈಗ ಬಂತು, ಈಗ ಬಂತು ಎಂದು ನಾನು ಕಾದೆ. ಬರಲೇ ಇಲ್ಲ. ಬಿಸಿಲಿಗೆ ಅವಳ ಮೈ ಕಂದಿತ್ತು, ಕೆನ್ನೆ ತುಂಬಿತ್ತು.

ನಾನು ಬೇಲಿಯ ಕಲ್ಲಿನ ಮೇಲೆ ಕೂತೆ.

“ಯಾಕ್ರೀ ಅಳಿಯಂದ್ರ, ಹೊರಗ ಕುಂತ್ರಿ?” ಎಂದರು ಅತ್ತೆ. “ಮುಂಬೈದಾಗ ಒಳಗ ಬರೂದು ಮರ್ತ್ರೇನು?”

ಅಲ್ಲಿ ಕೂತಾಗಲೇ ನನಗೆ ತಿಳಿದದ್ದು. ಡಾಕ್ಟರರು ಬಿಸಿಲು ಎಂದಾಗ ನಾವು ಸಮುದ್ರದವರೆಗೆ ನೋಡಿದೆವು. ಅರ್ಧ ದಿನದ ಬಸ್ಸಿನಾಚೆ, ಮಳೆ ಕಡಿಮೆಯ ಬಯಲಲ್ಲಿ, ಅತ್ತೆಯ ಅಂಗಳದಲ್ಲಿ ಬಿಸಿಲು ಸುಮ್ಮನೆ ಬಿದ್ದಿತ್ತು. ಅದನ್ನು ನೋಡಲು ನಮ್ಮ ಕಣ್ಣಿಗೆ ಆಗಲಿಲ್ಲ. ಗಂಡ ಎದುರಿಗೇ ಇರುವಾಗ ಹೆಂಡತಿ ಮಕ್ಕಳು ತವರಲ್ಲಿ ತಿಂಗಳುಗಟ್ಟಲೆ ಉಳಿದರೆ ನಮ್ಮಲ್ಲಿ ಜನ ಆಡಿಕೊಳ್ಳುತ್ತಾರೆ. ಅಳಿಯನೂ ಜತೆಗಿದ್ದರೆ ಕೇಳುವುದೇ ಬೇಡ. ಗಂಡ ಪರಊರಿಗೆ ದುಡಿಯಲು ಹೋದರೆ ಮಾತ್ರ ಅದು ಮರ್ಯಾದೆ. ನಾನು ಹೋಗದೆ ಚೆನ್ನಿ ಆ ಅಂಗಳಕ್ಕೆ ಬರುವಂತಿರಲಿಲ್ಲ. ಎರಡು ಹೂವನ್ನೂ ಬಲಕ್ಕೇ ಬೀಳಿಸಿದವನಿಗೆ ನಮ್ಮ ಜಾತಿ, ನಮ್ಮ ಜಂಬ, ಎಲ್ಲವೂ ಗೊತ್ತಿತ್ತು.

ಕೋಣೆ ಬೇಡವೆಂದು ಹೆಗಡೆಗೆ ಬರೆದೆ. ಸಿರ್ಸಿಯ ಡಾಕ್ಟರರು ಮತ್ತೆ ನಳಿಗೆ ಇಟ್ಟು ಕೇಳಿ, ಎಲ್ಲಿಟ್ಟಿದ್ದೀರೋ ಅಲ್ಲೇ ಇಡಿ ಎಂದರು. ಹೀಗೆ ನಾನು ಮನೆ ಅಳಿಯನಾದೆ. ಹಗಲು ಅತ್ತೆಯ ಹೊಲ, ಸಂತೆಯ ದಿನ ದನಗಳ ಲಿಲಾವು ಕೂಗುವುದು. ಬೇರೆಯವರು ಆಡಿಕೊಳ್ಳುವ ಮೊದಲೇ, ಮನೆ ಅಳಿಯ ಇನ್ನೊಂದು ರೊಟ್ಟಿ ಕೇಳುವ ಮುಂಚೆ ಹೇಗೆ ಕೆಮ್ಮುತ್ತಾನೆ ಎಂದು ಸಂತೆಯಲ್ಲಿ ನಾನೇ ಮಾಡಿ ತೋರಿಸಿದೆ. ಆಮೇಲೆ ಆಡಿಕೊಳ್ಳಲು ಯಾರಿಗೂ ಏನೂ ಉಳಿಯಲಿಲ್ಲ. ಬೀಗತಿಯ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ಎಂದಿದ್ದ ಅವ್ವ ಮೊಮ್ಮಗಳನ್ನು ನೋಡಿ ಹೋಗಲು ಬಂದಳು. ಇನ್ನೂ ಹೋಗಿಲ್ಲ.

ಯಲ್ಲಾಪುರದ ಆ ಡಿಪೋ ಈಗಿಲ್ಲ. ಆ ದಾರಿಯಲ್ಲಿ ಬಸ್ಸು ಹೋಗುವಾಗ ಎದ್ದು ನಿಂತು ನೋಡುತ್ತೇನೆ. ಪೇಟೆ ಇನ್ನೂ ಪೂರ್ತಿ ಎದ್ದಿಲ್ಲ, ನಾನೂ ಸಾಹುಕಾರನಾಗಿಲ್ಲ. ನಾನು ಅದನ್ನು ಬೇಡಿರಲೂ ಇಲ್ಲ. ಬೇಡಿದ್ದನ್ನು ಸ್ವಾಮಿ ಕೊಟ್ಟಿದ್ದಾನೆ. ಕೂಸಿನ ಉಬ್ಬಸ ಕೇಳುತ್ತ ಕೂತಿರುವ ತಂದೆತಾಯಿ ಯಾರಾದರೂ ಇದನ್ನು ಓದುತ್ತಿದ್ದರೆ, ಎರಡು ಉತ್ತರ ಬಂದವೆಂದು ಹೆದರಬೇಡಿ ಎಂದಷ್ಟೇ ನಾನು ಹೇಳಬಲ್ಲೆ.

ಪ್ರತಿ ಶ್ರಾವಣದಲ್ಲಿ ನಾವೆಲ್ಲ ಆ ಗುಡಿಗೆ ಹೋಗುತ್ತೇವೆ. ಅವ್ವ ಮತ್ತು ಅತ್ತೆ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ. ಚೆನ್ನಿ ಗುಡ್ಡವನ್ನು ಒಂದೇ ಓಟಕ್ಕೆ ಹತ್ತಿ ಗಂಟೆ ಬಾರಿಸುತ್ತಾಳೆ. ನಾವು ದೊಡ್ಡವರು ಅರ್ಧದಲ್ಲೇ ನಿಂತು, ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತಿರುತ್ತೇವೆ. ಅವಳು ಮೇಲಿನಿಂದ, ಬೇಗ ಬರ್ರಿ ಎಂದು ಕೂಗುತ್ತಾಳೆ.

ಬಂದೆವು ತಂದೆ, ಬಂದೆವು.