ಟಾಯ್ವೊ ತೆಗೆದ ಗೂಬೆಯ ಫೋಟೊ

ಅಮೆರಿಕದ ಮಿನ್ನೆಸೋಟದ ಉತ್ತರದ ಆ ಜೌಗು ಸೀಮೆಯಲ್ಲಿ ಯಾರ ಮೊಬೈಲಿಗೆ ಎಂಥ ಪ್ರಾಣಿಯ ಫೋಟೊ ಬಂದರೂ ಅದು ಕೊನೆಗೆ ತಲುಪುತ್ತಿದ್ದದ್ದು ಆಯ್ಲಿಯ ಅಡುಗೆಮನೆಗೆ. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಹೆಂಗಸು. ತಪ್ಪು ಹುಡುಕುವ ಚಟ ಮಾತ್ರ ನಿವೃತ್ತಿಯಾಗಿರಲಿಲ್ಲ. ತೋಳದ ಬೆನ್ನೇರಿದ ಮೊಲ, ಎರಡು ತಲೆಯ ಜಿಂಕೆ, ಎಲ್ಲವನ್ನೂ ಕಾಫಿ ಆರುವುದರೊಳಗೆ 'ಬರೀ ಬೊಗಳೆ' ಎಂದು ತಳ್ಳಿಹಾಕುತ್ತಿದ್ದಳು. ಅವಳು ಹೌದೆಂದರೆ ಮಾತ್ರ ಊರಿನ ವಾರಪತ್ರಿಕೆ ಅಚ್ಚು ಹಾಕುತ್ತಿತ್ತು.

ಈ ಸಲ ಬಂದದ್ದು ಅವಳ ತಮ್ಮ ಟಾಯ್ವೊ ತೆಗೆದ ಫೋಟೊ. ದೊಡ್ಡ ಬೂದು ಗೂಬೆ ರೆಕ್ಕೆ ಹರಡಿ, ಉಗುರು ಚಾಚಿ, ನೋಡುವವರ ಮುಖಕ್ಕೇ ಎರಗುವಂತಿತ್ತು. ದೇಶವೆಲ್ಲ ಅದನ್ನು ಹಂಚಿಕೊಳ್ಳುತ್ತಿತ್ತು. ಅರ್ಧ ಜನ ಕೊಂಡಾಡಿದರೆ ಇನ್ನರ್ಧ ಜನ ಕಂಪ್ಯೂಟರಿನ ಕೈಚಳಕ ಎಂದು ಬೈಯುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮನೆಯಿಂದ ಹೊರಗೇ ಬಾರದಿದ್ದ ಟಾಯ್ವೊ, ಕ್ಯಾಮೆರಾ ಹಿಡಿದ ಮೇಲೆ ಮತ್ತೆ ನಗಲು ಕಲಿತಿದ್ದ. ಆ ನಗು ಉಳಿಯಲಿ ಎಂದು ಆಯ್ಲಿ ಒಳಗೊಳಗೇ ಬೇಡಿಕೊಂಡಳು.

"ಅಕ್ಕಾ, ನಿಜ ಅಂತ ಒಂದು ಮಾತು ಬರೆದುಬಿಡು. ಎಲ್ಲರ ಬಾಯಿ ಮುಚ್ಚುತ್ತೆ."

"ಗೂಬೆ ನಿಜಾನೇ ಕಣೋ. ನೆರಳೂ ಸರಿ, ಗರೀನೂ ಸರಿ." ಆಯ್ಲಿ ಕನ್ನಡಕ ಏರಿಸಿದಳು. "ಆದ್ರೆ ಇದು ನೆಲಮಟ್ಟದಿಂದ ತೆಗೆದದ್ದು, ನೀನು ಮೊದಲೇ ಹೋಗಿ ಹಿಮದಲ್ಲಿ ಬೋರಲು ಮಲಗಿದ್ದೀಯ. ಅದು ಅಲ್ಲೇ ಇಳಿಯುತ್ತೆ ಅಂತ ಹೇಗೆ ಗೊತ್ತಾಯ್ತು?"

"ಅದೃಷ್ಟ."

"ಹಿಮದ ಅಡಿ ಇಲಿ ಓಡಾಡೋ ಸದ್ದು ಕೇಳಿ ಬೇಟೆಯಾಡೋ ಹಕ್ಕಿ ಇದು. ಇಲ್ಲಿ ನೋಡಿದ್ರೆ ಹಿಮದ ಮೇಲೇನೇ ಏನನ್ನೋ ದಿಟ್ಟಿಸ್ತಿದೆ. ಅಂಗಡಿ ಇಲಿ ಬಿಟ್ಟೆಯೇನೋ?"

ಟಾಯ್ವೊನ ಮುಖ ಕೆಂಪೇರಿತು. "ಸುಮ್ಮನೆ ನನ್ನ ತಲೆ ಮೇಲೆ ಗೂಬೆ ಕೂರಿಸ್ಬೇಡ! ಬಾ, ಜಾಗಾನೇ ತೋರಿಸ್ತೀನಿ."

ಅವನ ಸಿಟ್ಟಿಗೂ ಕಾರಣವಿತ್ತು. ಅಂಗಡಿಯಿಂದ ಬಿಳಿ ಇಲಿ ತಂದು ಗೂಬೆಗೆ ಆಸೆ ತೋರಿಸುವವರನ್ನು ಆ ಸೀಮೆಯಲ್ಲಿ ಯಾರೂ ಕಾಫಿಗೂ ಕರೆಯುವುದಿಲ್ಲ. ರುಚಿ ಹತ್ತಿದ ಗೂಬೆ ರಸ್ತೆ ಬಿಟ್ಟು ಕದಲದೆ, ಕೊನೆಗೆ ಮರದ ದಿಮ್ಮಿ ಸಾಗಿಸುವ ಲಾರಿಗೆ ಸಿಕ್ಕಿ ಸಾಯುತ್ತದೆ.

ಇಬ್ಬರೂ ಟ್ರಕ್ಕಿನಲ್ಲಿ ಹೊರಟರು. ಜೌಗಿನ ಅಂಚಿಗೆ ಬಂದು ಟಾಯ್ವೊ ಇಳಿದ, ಬಾಗಿಲನ್ನು ಧಡ್ಡನೆ ಮುಚ್ಚಿದ. ಆ ಸದ್ದಿಗೇ ಮರಗಳ ಸಾಲಿನಿಂದ ಗೂಬೆ ಹಾರಿಬಂದು ರಸ್ತೆಬದಿಯ ಬೇಲಿಗೂಟದ ಮೇಲೆ ಕುಳಿತಿತು. ಅವನ ಮುಖ ನೋಡಲಿಲ್ಲ, ಕೈಯನ್ನೇ ನೋಡಿತು.

ಆಯ್ಲಿಗೆ ಅಳು ಬಂದಿತ್ತು.

"ಬರೆದುಬಿಡು ಅಕ್ಕಾ," ಎಂದ ಟಾಯ್ವೊ ಮೆಲ್ಲಗೆ. "ಇಲಿ ಬಿಟ್ಟೆ ಅಂತಾನೇ ಬರೀ."

"ಅದು ಆಮೇಲೆ. ಮೊದಲು ಇದನ್ನ ಓಡಿಸು."

ಅವನು ಕೂಗಿದ, ತೋಳು ಬೀಸಿದ, ಹಿಮದ ಉಂಡೆ ಎಸೆದ. ಗೂಬೆ ಹಾರಿ ಪಕ್ಕದ ಗೂಟಕ್ಕೆ ಹೋಗಿ, ಮತ್ತೆ ಅವನ ಕೈ ನೋಡುತ್ತ ಕುಳಿತಿತು.