ಹೆಣ್ಣು ನೋಡುವ ದಿನದ ಲೆನ್ಸು

ಮೊನ್ನೆ ನನ್ನ ಚಸ್ಮಾ ಅಂಗಡಿಗೆ ಬಂದ ತಾಯಿಯೊಬ್ಬಳು ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಆಚೀಚೆ ನೋಡಿ, ಗುಟ್ಟಿನ ದನಿಯಲ್ಲಿ ಕೇಳಿದಳು: “ಬಾಯಾರ, ಹೆಣ್ಣ ನೋಡಾಕ ಬರಾವ್ರದಾರ, ಕಣ್ಣಾಗ ಹಾಕೂ ಲೆನ್ಸ್ ಒಂದ್ ದಿನದ ಮಟ್ಟಿಗೆ ಬಾಡಿಗಿಗೆ ಸಿಗತಾವೇನ್ರಿ?”

ನೀವು ನಗಬೇಡಿ. ಪಾತ್ರೆ, ಪೆಂಡಾಲು, ವರನ ಶೇರವಾನಿ, ಅವನು ಹತ್ತುವ ಕುದುರೆ, ಎಲ್ಲವೂ ಬಾಡಿಗೆಗೆ ಸಿಗುವ ಊರು ನಮ್ಮ ಚಿಕ್ಕೋಡಿ. ಲೆನ್ಸು ಮಾತ್ರ ಏಕೆ ಸಿಗಬಾರದೆಂದು ಆಕೆಗೆ ಅನ್ನಿಸಿದ್ದರಲ್ಲಿ ತಪ್ಪೇನಿದೆ? ಒಬ್ಬರ ಕಣ್ಣಿನದನ್ನು ಇನ್ನೊಬ್ಬರು ಹಾಕುವಂತಿಲ್ಲ ತಾಯಿ, ಎಂದು ತಿಳಿಸಿ ಹೇಳತೊಡಗಿದೆ. ಹೇಳುತ್ತಿರುವಾಗಲೇ ಕರೋಶಿಯ ಸುಶೀಲಾ ಅತ್ಯಾ ನೆನಪಾಗಿ, ನಗು ತಡೆಯಲು ಗಾಜು ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಳ್ಳಬೇಕಾಯಿತು.

ಈ ಧಂದೆಯಲ್ಲಿ ಇಷ್ಟು ವರ್ಷ ಕೂತು ನಾನು ಕಂಡುಕೊಂಡದ್ದು ಇಷ್ಟೇ: ತಮಗೆ ಚೆನ್ನಾಗಿ ಕಾಣಿಸಲಿ ಎಂದು ಬರುವವರಿಗಿಂತ ತಾವು ಚೆನ್ನಾಗಿ ಕಾಣಬೇಕೆಂದು ಬರುವವರೇ ಹೆಚ್ಚು. ನೋಟದ ಗೊಡವೆಯೇ ಇಲ್ಲದ ರಾಯಬಾಗ ಕಡೆಯ ಯಜಮಾನರೊಬ್ಬರಂತೂ ಮನೆಮಂದಿಗೆಲ್ಲ ಒಂದೇ ಚಾಳೀಸು, ಅಂದರೆ ಚಸ್ಮಾ, ಸಾಕೆಂದು ಹಟ ಹಿಡಿದು, “ಎಲ್ಲಾರಿಗೂ ನಡಿಯೂವಂಥಾದ್ದು, ನಡುವಿನ ನಂಬರ್ ಕೊಡ್ರಿ” ಎಂದಿದ್ದರು. ಅವರನ್ನು ಆಡಿಕೊಳ್ಳಲು ನನಗೂ ಬಾಯಿಲ್ಲ. ನನ್ನ ಕಣ್ಣುಗಳು ಗಟ್ಟಿಮುಟ್ಟಾಗಿವೆ. ಆದರೂ ಬರಿಗಣ್ಣಿನವಳ ಸಲಹೆಯನ್ನು ಯಾರೂ ನಂಬುವುದಿಲ್ಲವೆಂದು ನಂಬರಿಲ್ಲದ ಗಾಜು ಏರಿಸಿಕೊಂಡೇ ಕೂರುತ್ತೇನೆ.

ಇರಲಿ, ಸುಶೀಲಾ ಅತ್ಯಾ ವಿಷಯಕ್ಕೆ ಬರೋಣ. ಅವರು ನನ್ನ ಸೋದರತ್ತೆಯಲ್ಲ. ಅವರ ಅಣ್ಣನ ಮಗಳು ಗೀತಾ ‘ಅತ್ಯಾ’ ಎನ್ನುತ್ತಿದ್ದಳು, ನನ್ನ ಬಾಯಿಗೂ ಅದೇ ಅಂಟಿಕೊಂಡಿತು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವರು ಅವರೇ. ಗೀತಾಳ ಚಾಳೀಸಿನ ಗಾಜು ದಪ್ಪ. ತೆಗೆದರೆ ಎದುರಿಗೆ ನಿಂತದ್ದು ಕಂಬವೋ ಕಾಕಾನೋ ತಿಳಿಯದಷ್ಟು ಮಂಜು. ಮೊದಲ ಸಲ ಅವಳನ್ನು ನೋಡಲು ಗಂಡಿನವರು ಬಂದಾಗ ಅತ್ಯಾ ಅದನ್ನು ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರಂತೆ. ಹುಡುಗಿ ಹೊರಬಂದು, ಮೀಸೆಯ ಅಂದಾಜು ಹಿಡಿದು, ಭಾವಿ ಮಾವನೆಂದು ಜೀಪಿನ ಡ್ರೈವರನ ಕಾಲಿಗೆ ಬಿದ್ದಳು. ಪಕ್ಕದಲ್ಲೇ ಕೂತಿದ್ದ ನಿಜವಾದ ಮಾವ ಶಿರಾ ಕೂಡ ಮುಟ್ಟದೆ ಎದ್ದುಹೋದ. ಡ್ರೈವರ್ ಮಾತ್ರ ತುಂಬುಮನಸ್ಸಿನಿಂದ ಹರಸಿ ಹೋದನಂತೆ.

ಇಷ್ಟನ್ನೆಲ್ಲ ನನ್ನ ಅಂಗಡಿಯಲ್ಲಿ ಕೂತು ಹೇಳಿದ ಅತ್ಯಾ, ಕೊನೆಗೆ, “ಚಾಳೀಸ ಹಾಕ್ಕೊಂಡ ಹುಡುಗಿನ್ನ ಯಾರ್ ಮಾಡ್ಕೋತಾರ್ರಿ? ತಗದ್ರ ಹಿಂಗ ಆಕ್ಕೈತಿ. ನಾ ಏನ್ ಮಾಡ್ಲಿ?” ಎಂದು ಕಣ್ಣೊರೆಸಿಕೊಂಡರು.

ನಾನು ಗೀತಾಳನ್ನು ಕೇಳಿದೆ: “ಹುಡುಗ ಹೆಂಗಿದ್ದ?”

“ಬಿಳಿ ಅಂಗಿ ಇತ್ರಿ. ಅಂಗಿ ಮ್ಯಾಲ ಏನೋ ಒಂದ್ ಇತ್ತು.” ನಗುತ್ತಲೇ ಹೇಳಿದವಳು ಆಮೇಲೆ ದನಿ ತಗ್ಗಿಸಿದಳು. “ಅವ್ರು ಒಲ್ಲೆ ಅಂದದ್ದ ಚಲೋ ಆತ್ರಿ. ಹೂಂ ಅಂದಿದ್ರ? ಮಾರೀನ ನೋಡದ ಹೆಂಗ ಬಾಳೇ ಮಾಡೂದಿತ್ತು ನಾ?”

ಆ ಮಾತು ನನ್ನೆದೆಗೆ ಚುಚ್ಚಿತು. ಆದರೆ ನಾನು ವ್ಯಾಪಾರಸ್ಥೆ. ಅತ್ಯಾಗೆ ಚಾಳೀಸು ಕಾಣಬಾರದು, ಗೀತಾಳಿಗೆ ಹುಡುಗ ಕಾಣಬೇಕು, ಎರಡಕ್ಕೂ ಒಂದೇ ಮದ್ದು ಲೆನ್ಸು ಎಂದು ಭಾಷಣ ಮಾಡಿದೆ. ಕೈ ತೊಳೆಯುವುದು, ಬೆರಳ ತುದಿಯಲ್ಲಿ ಕೂರಿಸುವುದು, ರೆಪ್ಪೆ ಹಿಡಿಯುವುದು ಎಲ್ಲವನ್ನೂ ಹಲವು ದಿನ ಕಲಿಸಿದೆ. ಗೀತಾ ಬೇಗ ಕಲಿತಳು. ಅತ್ಯಾ ಮಾತ್ರ ಪ್ರತಿ ಸಲವೂ, “ಯವ್ವಾ, ಕಣ್ಣಿನ ಹಿಂದ ಹೋಗಿ ತಲ್ಯಾಗ ಕುಂತ್ರ?” ಎಂದು ದೇವರ ಹೆಸರು ಹೇಳುತ್ತಿದ್ದರು. ಅವರಿಗೆ ನಾನು ಕೊಟ್ಟ ಎಚ್ಚರಿಕೆ ಒಂದೇ: ಮನೆಯ ಎಣ್ಣೆ ಕಾಡಿಗೆಯನ್ನು ಕಣ್ಣೊಳಗೆ ಹಚ್ಚಬೇಡಿ.

ಕೊಗನೊಳ್ಳಿಯ ಸಂಬಂಧ ಬಂತು. ಧೈರ್ಯಕ್ಕಿರಲಿ ಎಂದು ಅತ್ಯಾ ನನ್ನನ್ನೂ ಕರೋಶಿಗೆ ಕರೆಸಿ, ದೂರದ ನೆಂಟಳೆಂದು ಅಡುಗೆಮನೆಯಲ್ಲಿ ಕೂರಿಸಿದರು. ಗೀತಾ ಲೆನ್ಸು ಹಾಕಿಕೊಂಡು ಕಿಟಕಿಯಾಚೆಯ ಬೇವಿನ ಎಲೆ ಎಣಿಸುತ್ತಿದ್ದಳು. ನಾನು ಬೀಗುತ್ತಿದ್ದೆ. ಶಿರಾದ ತಟ್ಟೆಗಳನ್ನು ಹೊರಗೆ ಕಳಿಸಿ ಬರುವಷ್ಟರಲ್ಲಿ ಅತ್ಯಾರ ಹೆಬ್ಬೆರಳು ತನ್ನ ಕೆಲಸ ಮುಗಿಸಿತ್ತು. ಹರಳೆಣ್ಣೆಯ ಕಾಡಿಗೆ, ಎರಡೂ ಕಣ್ಣಿಗೆ, ಧಾರಾಳವಾಗಿ.

“ದೃಷ್ಟಿ ತಾಕಬಾರದ್ರಿ ಬಾಯಾರ, ಇಷ್ಟ ಹಚ್ಚೇನಿ” ಎಂದರು ಅಪರಾಧಿಯಂತೆ.

ಗೀತಾಳ ಕಣ್ಣು ಉರಿದು ನೀರು ಸುರಿಯತೊಡಗಿತು. ಅಷ್ಟರಲ್ಲಿ ಹೊರಗಿನಿಂದ ಕರೆ ಬಂತು. ತಡೆಯುವ ಮೊದಲೇ ಹೋದಳು. ಈ ಸಲ ಸರಿಯಾದ ಮಾವನ ಕಾಲಿಗೇ ಬಾಗಿದಳು. ಬಾಗಿದಾಗ ಬಲಗಣ್ಣಿನ ಲೆನ್ಸು ಜಾರಿತು.

“ಯಾರೂ ಅಲುಗ್ಯಾಡಬ್ಯಾಡ್ರಿ!” ದೂರದ ನೆಂಟಳು, ಅಂದರೆ ನಾನೇ, ಅಡುಗೆಮನೆಯಿಂದ ಕಿರುಚಿದೆ.

“ಕಾಯ್ ಝಾಲಂ? ಏನಾತು?” ಎಂದು ಗಂಡಿನವರು ಗಾಬರಿಯಾದರು. ಮರುಕ್ಷಣ ಮಾವ, ಕಾಕಾ, ನಾನು, ಅತ್ಯಾ ಎಲ್ಲರೂ ಜಮಖಾನದ ಮೇಲೆ ಮೊಣಕಾಲೂರಿ ತಡಕಾಡುತ್ತಿದ್ದೆವು. ಸಿಕ್ಕದ್ದು ಹುಡುಗನ ಕಾಕಾನ ಶಿರಾದ ತಟ್ಟೆಯಲ್ಲಿ. ಆ ಶಿರಾದಲ್ಲಿ ಅರ್ಧವನ್ನು ಅವರು ಆಗಲೇ ತಿಂದಿದ್ದರು.

ಇನ್ನು ಮುಚ್ಚಿಡಲು ಏನಿತ್ತು? ಗೀತಾ ಎದ್ದು ಒಳಗೆ ಹೋದಳು. ಇನ್ನೊಂದು ಲೆನ್ಸನ್ನೂ ತೆಗೆದು, ಮುಖ ತೊಳೆದು, ಅತ್ಯಾರ ಸೊಂಟದಲ್ಲಿದ್ದ ಕಪಾಟಿನ ಕೀಲಿಗಾಗಿ ಕೈ ಚಾಚಿದಳು. ಅತ್ಯಾ ನನ್ನ ಮುಖ ನೋಡಿದರು. ನಾನು ಒಲೆಯ ಕಡೆ ನೋಡಿದೆ. ಕೊನೆಗೆ ಕೊಟ್ಟರು.

ದಪ್ಪ ಗಾಜಿನ ಚಾಳೀಸು ಹಾಕಿಕೊಂಡು ಗೀತಾ ಮತ್ತೆ ಹೊರಬಂದು ಮಣೆಯ ಮೇಲೆ ಕೂತಳು. ಹುಡುಗ ನಾಚಿ, ತಲೆ ತಗ್ಗಿಸಿ, ಜಮಖಾನದ ಹೂವು ನೋಡುತ್ತಿದ್ದ.

“ಸ್ವಲ್ಪ ತಲಿ ಎತ್ರಿ” ಎಂದಳು ಗೀತಾ.

ಅದು ಹುಡುಗಿಗೆ ಗಂಡಿನವರು ಹೇಳುವ ಮಾತು. ಅತ್ಯಾ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಹುಡುಗ ಕಿವಿಯೆಲ್ಲ ಕೆಂಪಾಗಿಸಿಕೊಂಡು ತಲೆ ಎತ್ತಿದ. ಅವಳು ಅವಸರ ಮಾಡದೆ, ಎಲೆ ಎಣಿಸಿದ ಹಾಗೆಯೇ, ನೋಡಿದಳು. ಒಳಗೆ ಬಂದು, “ಅವ್ರು ಏನರ ಅನ್ಲಿ ಅತ್ಯಾ. ನಂದು ಹೂಂ” ಎಂದಳು. ಅವರದೂ ಹೂಂ ಆಯಿತು. ಮದುವೆಯ ಫೋಟೋದಲ್ಲಿ ಬಾಸಿಂಗದ ಕೆಳಗೆ ಚಾಳೀಸು ಫಳಫಳ ಹೊಳೆಯುತ್ತದೆ. ನೋಡಿದಾಗಲೆಲ್ಲ ನನಗೆ ಖುಷಿ, ಲೆನ್ಸು ಮಾರಿದವಳು ನಾನೇ ಆದರೂ.

ಮೊನ್ನೆಯ ತಾಯಿಗೆ ಇದನ್ನೆಲ್ಲ ಹೇಳಲಿಲ್ಲ. ಆದರೆ ಅಷ್ಟು ಹೊತ್ತೂ ನಾನು ತಾಯಿಯ ಜೊತೆಗೇ ಮಾತಾಡುತ್ತಿದ್ದೇನೆ ಎಂದು ಆಗ ಹೊಳೆಯಿತು. ಸ್ಟೂಲನ್ನು ನನ್ನ ಕಡೆ ತಿರುಗಿಸಿ ಮಗಳನ್ನೇ ಕೇಳಿದೆ: “ನಿನಗ ಆವತ್ತ ಏನ್ ಕಾಣಬೇಕವಾ?”

ಹುಡುಗಿ ತಾಯಿಯ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದಳು.

“ಹುಡುಗನ್ನ ಫೋನ್ಯಾಗ ನೋಡೇನ್ರಿ, ಅಡ್ಡಿಯಿಲ್ಲ. ನಂಗ ಅವರವ್ವನ ಮಾರಿ ಚಂದಂಗಿ ಕಾಣಬೇಕ್ರಿ.”